ಕ್ಯೂಬಾ ದೇಶದ ತಾಳವಾದ್ಯಗಳೂ ಅವುಗಳ ಅಭ್ಯಾಸಕ್ರಮವೂ

ಸಂಗೀತವೆಂದೊಡನೆ ನಮ್ಮಲ್ಲಿ ಬಹುಮಂದಿಯ ಮನಸ್ಸಿಗೆ ಮೊದಲು ತೋರುವುದು ಕಂಠ; ಅನಂತರ ವೀಣೆ, ಪಿಟೀಲು, ಹಾರ್ಮೋನಿಯಂ ಮುಂತಾದ ಸ್ವರವಾದ್ಯಗಳು. ತಾಳವಾದ್ಯವನ್ನು ನಾವು ಕಡೆಯ ಸಾಲಿನಲ್ಲಿ ಕುಳ್ಳಿರಿಸುವುದು ವಾಡಿಕೆ. ಹೆಣ್ಣುಮಕ್ಕಳ ವಿಷಯದಲ್ಲಂತೂ ಅದನ್ನು ಆ ಸಾಲಿನಲ್ಲಿಯೂ ಕಾಣೆವು. ಹಾಡು ಕಲಿಯಲೆಂದು ಮಗಳನ್ನು ಸಂತೋಷದಿಂದ ಕಳುಹಿಸುವ ತಾಯಿತಂದೆಗಳೇ, ಆಕೆ ಮದ್ದಳೆಯನ್ನೋ ಡೋಲನ್ನೋ ಮುಟ್ಟಬಯಸಿದಾಗ, “ಇದು ನಿನಗೇಕೆ?” ಎನ್ನುವುದುಂಟು. ಆದರೆ ಸ್ವರವು ಸಂಗೀತದ ಮೈಯಾದರೆ ತಾಳವು ಅದರ ಉಸಿರು. ಉಸಿರಿಲ್ಲದ ಮೈಯಿಂದ ಪ್ರಯೋಜನವೇನು?

ಹಲವರು ಕೂಡಿ ನುಡಿಸುವ ತಾಳದಲ್ಲಿ ಮಕ್ಕಳು ಕಲಿಯಬೇಕಾದ ಒಂದು ಮುಖ್ಯ ಪಾಠವಿದೆ. ತನ್ನ ಪಾಲನ್ನು ತಪ್ಪದೆ ನಡೆಸುವುದೂ, ಇತರರ ಪಾಲಿಗೆ ತೆರವು ಬಿಡುವುದೂ, ಇವೆರಡನ್ನು ಏಕಕಾಲದಲ್ಲಿ ಮಾಡುವುದೇ ಆ ಪಾಠ. ಇದನ್ನು ಅತ್ಯಂತ ಸ್ಪಷ್ಟವಾಗಿ ಕಲಿಸುವ ಸಂಗೀತಗಳಲ್ಲಿ ಕ್ಯೂಬಾ ದ್ವೀಪದ ತಾಳಪದ್ಧತಿಯೂ ಒಂದು. ಆ ಪದ್ಧತಿಯ ಹುಟ್ಟು, ವಾದ್ಯಗಳು ಮತ್ತು ಅಭ್ಯಾಸಕ್ರಮವನ್ನು ಇಲ್ಲಿ ಸಂಕ್ಷೇಪವಾಗಿ ವಿವರಿಸುವೆವು.

೧. ಈ ತಾಳಗಳ ಹುಟ್ಟುನಾಡು

“ಲ್ಯಾಟಿನ್ ತಾಳಗಳು” ಎಂದು ಅಂಗಡಿಗಳಲ್ಲಿಯೂ ಸಂಗೀತಶಾಲೆಗಳಲ್ಲಿಯೂ ಹೇಳುವ ಮಾತು ಬಹು ವಿಶಾಲವಾದುದು. ಬ್ರೆಜಿಲ್ ದೇಶದ ಸಾಂಬಾ, ಪೋರ್ಟೊ ರಿಕೊ ದ್ವೀಪದ ಬೊಂಬಾ ಮತ್ತು ಪ್ಲೇನಾ, ಡೊಮಿನಿಕನ್ ನಾಡಿನ ಮೆರೆಂಗೆ, ಇವೆಲ್ಲವೂ ಆ ಹೆಸರಿನೊಳಗೆ ಅಡಗುತ್ತವೆ. ಇವುಗಳೊಳಗೆ ಬಂಧುತ್ವವಿದ್ದರೂ ಒಂದೊಂದಕ್ಕೆ ಒಂದೊಂದು ನಡೆಯುಂಟು. ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿ ಕಲಿಯಹೊರಟವರು ಯಾವುದನ್ನೂ ಕಲಿಯಲಾರರು. ಆದುದರಿಂದ ನಾವು ಕ್ಯೂಬಾ ಒಂದನ್ನೇ ಆರಿಸಿಕೊಂಡಿರುವೆವು.

ಕ್ಯೂಬಾ ದ್ವೀಪವು ಸ್ಪೇನಿನ ಅರಸರ ಕೈಕೆಳಗಿದ್ದ ಕಾಲದಲ್ಲಿ ಅಲ್ಲಿಯ ಕಬ್ಬಿನ ತೋಟಗಳಲ್ಲಿ ದುಡಿಯಲೆಂದು ಆಫ್ರಿಕಾ ಖಂಡದಿಂದ ಲಕ್ಷಾಂತರ ಜನರನ್ನು ಹಿಡಿದು ತಂದು ಗುಲಾಮರನ್ನಾಗಿ ಮಾರಿದರು. ಪಶ್ಚಿಮ ಆಫ್ರಿಕಾದ ಯೊರುಬಾ ಜನರು, ದಹೋಮಿಯವರು, ಕಲಬಾರ್ ಸೀಮೆಯವರು, ಮಧ್ಯ ಆಫ್ರಿಕಾದ ಕಾಂಗೊ ಸೀಮೆಯವರು ಹೀಗೆ ಅಲ್ಲಿಗೆ ಬಂದರು. ಅವರಿಂದ ಊರು, ಬಂಧುಬಳಗ, ಹೆಸರು ಎಲ್ಲವನ್ನೂ ಕಸಿದುಕೊಳ್ಳಲಾಯಿತು. ಕೈಗಳಲ್ಲಿ ನೆಲೆಸಿದ್ದ ತಾಳವನ್ನು ಮಾತ್ರ ಕಸಿದುಕೊಳ್ಳಲಾಗಲಿಲ್ಲ. ಕ್ಯೂಬಾದಲ್ಲಿ ಗುಲಾಮಗಿರಿಯು ಸಂಪೂರ್ಣವಾಗಿ ರದ್ದಾದದ್ದು ೧೮೮೬ರಲ್ಲಿ.

ಈ ಚರಿತ್ರೆ ನಮ್ಮ ಸೀಮೆಗೆ ತೀರ ದೂರದ್ದೆಂದು ತಿಳಿಯಬೇಕಾಗಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಗಳಲ್ಲಿ ವಾಸಿಸುವ ಸಿದ್ದಿ ಜನರ ಪೂರ್ವಿಕರೂ ಆಫ್ರಿಕಾದಿಂದ ಬಂದವರೇ. ಅವರಲ್ಲಿ ಅನೇಕರನ್ನು ಗುಲಾಮರಾಗಿಯೇ ತರಲಾಗಿತ್ತು. ಅವರ ಕುಣಿತಕ್ಕೆ ಜೊತೆಕೊಡುವ ಡಮಾಮಿ ಎಂಬ ಚರ್ಮವಾದ್ಯವು ಇಂದಿಗೂ ಆ ಕಾಡುಗಳ ನಡುವೆ ಕೇಳಿಬರುತ್ತದೆ. ಕ್ಯೂಬಾಕ್ಕೆ ಹೋದವರ ಊರುಗಳು ಬೇರೆ, ಇಲ್ಲಿಗೆ ಬಂದವರ ಊರುಗಳು ಬೇರೆ. ದುಃಖವು ಮಾತ್ರ ಒಂದೇ ಬಗೆಯದು.

ಉತ್ತರ ಅಮೆರಿಕದಲ್ಲಿದ್ದ ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮರು ಚರ್ಮವಾದ್ಯ ನುಡಿಸುವುದನ್ನು ಒಡೆಯರು ಅಂಜಿಕೆಯಿಂದ ನೋಡುತ್ತಿದ್ದರು. ದಕ್ಷಿಣ ಕೆರೋಲಿನಾದಲ್ಲಿ ೧೭೩೯ರ ದಂಗೆಯ ಮರುವರ್ಷ, ಅಂದರೆ ೧೭೪೦ರಲ್ಲಿ, ಡೋಲು ಕೊಂಬುಗಳನ್ನು ಕಾನೂನಿನಿಂದಲೇ ನಿಷೇಧಿಸಿದರು. ಕ್ಯೂಬಾದಲ್ಲಿಯಾದರೋ ಆಫ್ರಿಕಾದ ಒಂದೊಂದು ಜನಾಂಗದವರೂ ಕಾಬಿಲ್ದೊ ಎಂಬ ಸಂಘಗಳನ್ನು ಕಟ್ಟಿಕೊಳ್ಳಲು ಅವಕಾಶವಿತ್ತು. ಸದಸ್ಯರಲ್ಲಿ ಯಾರಿಗಾದರೂ ರೋಗ ಬಂದರೆ ಆರೈಕೆ, ಸತ್ತರೆ ಸಂಸ್ಕಾರ, ಹಬ್ಬದ ದಿನ ಹಾಡು ಕುಣಿತ, ಇವೆಲ್ಲವನ್ನೂ ಆ ಸಂಘಗಳು ನಡೆಸುತ್ತಿದ್ದವು. ವರ್ಷಕ್ಕೊಮ್ಮೆ ಜನವರಿ ೬ರಂದು ಹವಾನಾ ಪಟ್ಟಣದ ಬೀದಿಗಳಲ್ಲಿ ಅವರ ಮೆರವಣಿಗೆ ನಡೆಯುತ್ತಿತ್ತು. ೧೮೮೪ರಲ್ಲಿ ಅದನ್ನೂ ನಿಲ್ಲಿಸಿದರು. ದೇಶವು ೧೯೦೨ರಲ್ಲಿ ಸ್ವತಂತ್ರವಾದ ಮೇಲೆಯೂ ಅಧಿಕಾರಿಗಳು ಈ ವಾದ್ಯಗಳನ್ನು ಕೀಳೆಂದೆಣಿಸಿ ಹಲವು ಸಾರಿ ತಡೆದರು. ಹವಾನಾದ ಉತ್ಸವದಲ್ಲಿ ಬೀದಿಮೇಳಗಳಿಗೆ ಮತ್ತೆ ಅನುಮತಿ ದೊರೆತದ್ದು ೧೯೩೭ರಲ್ಲಿ. ಹೀಗೆ ತಡೆದಷ್ಟೂ ಉಳಿದುಬಂದ ತಾಳಗಳಿವು. ಅಂಥ ಸಂಗೀತವನ್ನು ಕಲಿಯುವವರು ಅದನ್ನು ಉಳಿಸಿಕೊಟ್ಟವರನ್ನು ನೆನೆಯುವುದು ನ್ಯಾಯ.

೨. ವಾದ್ಯಗಳ ಪರಿಚಯ

ಈ ಸಂಗೀತದ ಎರಡು ದೊಡ್ಡ ಶಾಖೆಗಳನ್ನು ಮೊದಲು ತಿಳಿಯಬೇಕು. ಒಂದು ರುಂಬಾ, ಹವಾನಾ ಮತ್ತು ಮತಾಂಸಾಸ್ ಪಟ್ಟಣಗಳ ಬಡಜನರ ವಠಾರಗಳಲ್ಲಿಯೂ ಬಂದರುಕಟ್ಟೆಗಳಲ್ಲಿಯೂ ಹತ್ತೊಂಬತ್ತನೆಯ ಶತಮಾನದಲ್ಲಿ ಬೆಳೆದದ್ದು. ಇದರಲ್ಲಿ ಯಾಂಬೂ, ಗ್ವಾಗ್ವಾಂಕೊ, ಕೊಲುಂಬಿಯಾ ಎಂಬ ಮೂರು ಬಗೆಗಳುಂಟು. ೨೦೧೬ರಲ್ಲಿ ಯುನೆಸ್ಕೊ ಸಂಸ್ಥೆಯು ಕ್ಯೂಬಾದ ರುಂಬಾವನ್ನು ಮಾನವಕುಲದ ಪರಂಪರೆಯ ಪಟ್ಟಿಯಲ್ಲಿ ಸೇರಿಸಿತು. ಇನ್ನೊಂದು ಸೋನ್, ದ್ವೀಪದ ಮೂಡಣ ಭಾಗದ ಹಳ್ಳಿಗಳಲ್ಲಿ ಹುಟ್ಟಿ, ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಹವಾನಾಕ್ಕೆ ಬಂದು, ಗ್ರಾಮಫೋನ್ ತಟ್ಟೆಗಳ ಮೂಲಕ ಲೋಕಕ್ಕೆ ಹಬ್ಬಿದ್ದು. ಸ್ಪೇನಿನ ತಂತಿವಾದ್ಯವೂ ಆಫ್ರಿಕಾದ ಚರ್ಮವಾದ್ಯವೂ ಅಲ್ಲಿ ಒಂದಾದವು.

ಇನ್ನು ಮುಖ್ಯ ವಾದ್ಯಗಳು.

ಕ್ಲಾವೆ: ಗಟ್ಟಿಮರದ ಎರಡು ದುಂಡನೆಯ ಕೋಲುಗಳು, ಸುಮಾರು ಒಂದು ಗೇಣು ಉದ್ದ. ಹವಾನಾದ ಹಡಗುಕಟ್ಟೆಗಳಲ್ಲಿ ಹಲಗೆಗಳನ್ನು ಬಿಗಿಯಲು ಬಳಸುತ್ತಿದ್ದ ಮರದ ಗೂಟಗಳಿಂದಲೇ ಇವು ಹುಟ್ಟಿದುವೆಂದು ಕ್ಯೂಬಾದ ಪ್ರಸಿದ್ಧ ವಿದ್ವಾಂಸರಾದ ಫೆರ್ನಾಂದೊ ಓರ್ತಿಸ್ (೧೮೮೧–೧೯೬೯) ಅಭಿಪ್ರಾಯಪಟ್ಟಿದ್ದಾರೆ. ನೋಡಲು ಇದಕ್ಕಿಂತ ಸರಳವಾದ ವಾದ್ಯವಿಲ್ಲ. ನುಡಿಸುವಾಗ ಇದಕ್ಕಿಂತ ಹೊಣೆಯುಳ್ಳದ್ದೂ ಇಲ್ಲ.

ಕೊಂಗಾ: ಇದನ್ನು ಕ್ಯೂಬಾದವರು ತುಂಬಾದೋರಾ ಎನ್ನುವರು. ನಡುಮೈ ಉಬ್ಬಿದ, ಉದ್ದನೆಯ, ಒಂದೇ ಮುಖದ ಚರ್ಮವಾದ್ಯ, ಬರಿಗೈಗಳಿಂದ ನುಡಿಸತಕ್ಕದ್ದು. ರುಂಬಾದಲ್ಲಿ ಇವು ಮೂರಿರುತ್ತವೆ. ದೊಡ್ಡವೆರಡು ಗೊತ್ತಾದ ನಡೆಯನ್ನು ಬಿಡದೆ ಹಿಡಿದಿರುವುವು. ಕಿಂತೊ ಎಂಬ ಚಿಕ್ಕದು ಕುಣಿಯುವವರ ಹೆಜ್ಜೆಯೊಡನೆ ಮಾತಾಡುವುದು.

ಬೊಂಗೊ: ಜೋಡಿಸಿದ ಎರಡು ಪುಟ್ಟ ಚರ್ಮವಾದ್ಯಗಳು; ಮೊಣಕಾಲುಗಳ ನಡುವೆ ಹಿಡಿದು ಬೆರಳುಗಳಿಂದ ನುಡಿಸುವರು. ಚಿಕ್ಕದನ್ನು ಗಂಡೆಂದೂ ದೊಡ್ಡದನ್ನು ಹೆಣ್ಣೆಂದೂ ಕರೆಯುವರು. ಇದು ಸೋನ್ ಮೇಳದ ಜೀವ.

ತಿಂಬಾಲೆಸ್: ಲೋಹದ ಮೈಯ ಎರಡು ವಾದ್ಯಗಳು, ಕಡ್ಡಿಗಳಿಂದ ನುಡಿಸತಕ್ಕವು. ಯೂರೋಪಿನ ದಂಡಿನ ನಗಾರಿಗಳ ಸಂತತಿ ಇವು. ೧೮೭೯ರಲ್ಲಿ ಮತಾಂಸಾಸ್ ಪಟ್ಟಣದಲ್ಲಿ ಮಿಗೆಲ್ ಫಾಯಿಲ್ದೆ ಎಂಬವರು ಬೆಳಕಿಗೆ ತಂದ ದಾನ್ಸೋನ್ ಎಂಬ ನೃತ್ಯಸಂಗೀತದಲ್ಲಿ ಇವಕ್ಕೆ ಮುಖ್ಯ ಸ್ಥಾನವುಂಟು.

ಮರಾಕಾಸ್ ಮತ್ತು ಗ್ವೀರೊ: ಬುರುಡೆಯೊಳಗೆ ಬೀಜಗಳನ್ನು ತುಂಬಿ ಕುಲುಕುವುದು ಮೊದಲನೆಯದು, ಗೀರುಗಳುಳ್ಳ ಸೋರೆಬುರುಡೆಯನ್ನು ಕಡ್ಡಿಯಿಂದ ಕೆರೆಯುವುದು ಎರಡನೆಯದು.

ಕಾಹೋನ್: ಮರದ ಪೆಟ್ಟಿಗೆ. ಚರ್ಮವಾದ್ಯವಿಲ್ಲದ ಕಡೆಗಳಲ್ಲಿ ಬಂದರಿನ ಕೂಲಿಗಳು ಉಪ್ಪುಮೀನು ತುಂಬಿ ಬರುತ್ತಿದ್ದ ಪೆಟ್ಟಿಗೆಗಳನ್ನೂ ಮೇಣದ ಬತ್ತಿಯ ಪೆಟ್ಟಿಗೆಗಳನ್ನೂ ಮಗುಚಿ ಹಾಕಿ ನುಡಿಸಿದರು. ಯಾಂಬೂ ಎಂಬ ನಿಧಾನದ ರುಂಬಾಕ್ಕೆ ಇಂದಿಗೂ ಪೆಟ್ಟಿಗೆಯ ದನಿಯೇ ಒಪ್ಪುವುದೆಂದು ಬಲ್ಲವರು ಹೇಳುತ್ತಾರೆ. ವಾದ್ಯವಿಲ್ಲವೆಂಬ ನೆಪವನ್ನು ಈ ಜನರು ಎಂದೂ ಹೇಳಲಿಲ್ಲವೆಂಬುದನ್ನು ನಮ್ಮ ಮಕ್ಕಳು ಗಮನಿಸಲಿ.

೩. ಬೀಗದ ಕೈ

ಕ್ಲಾವೆ ಎಂಬ ಸ್ಪ್ಯಾನಿಷ್ ಪದವು “ಬೀಗದ ಕೈ” ಎಂಬರ್ಥದ ಲ್ಯಾಟಿನ್ ಪದದಿಂದ ಬಂದುದು; ಗುಟ್ಟನ್ನು ಬಿಡಿಸುವ ಕೀಲಿಯೆಂಬ ಅರ್ಥ ಅದಕ್ಕುಂಟು. ಕೋಲುಗಳಿಗೂ ಅದೇ ಹೆಸರು; ಆ ಕೋಲುಗಳು ನುಡಿಸುವ ಐದು ಪೆಟ್ಟುಗಳ ಕಟ್ಟಿಗೂ ಅದೇ ಹೆಸರು. ಕ್ಯೂಬಾದ ತಾಳಶಾಸ್ತ್ರವೆಲ್ಲವನ್ನೂ ತೆರೆಯುವ ಕೀಲಿಯು ಇದೇ.

ಹದಿನಾರು ಸಮನಾದ ಮಾತ್ರೆಗಳನ್ನು ಎಣಿಸಿರಿ. ಆದಿತಾಳದ ಎಂಟು ಅಕ್ಷರಗಳನ್ನು ಒಂದೊಂದಕ್ಕೆ ಎರಡರಂತೆ ಸೀಳಿದರೆ ಹದಿನಾರಾಗುವುದಷ್ಟೆ. ಆ ಹದಿನಾರರಲ್ಲಿ ೧, ೪, ೭, ೧೧, ೧೩ ಎಂಬ ಐದು ಸ್ಥಾನಗಳಲ್ಲಿ ಮಾತ್ರ ಕೋಲು ಬೀಳತಕ್ಕದ್ದು. ಪೆಟ್ಟಿನಿಂದ ಪೆಟ್ಟಿಗೆ ಇರುವ ದೂರವನ್ನು ಲೆಕ್ಕ ಹಾಕಿದರೆ ೩, ೩, ೪, ೨, ೪ ಎಂದಾಗುವುದು. ಇದು ಸೋನ್ ಕ್ಲಾವೆ.

ನಮ್ಮ ಸೀಮೆಯ ವಿದ್ಯಾರ್ಥಿನಿಯರಿಗೆ ಇದನ್ನು ಕಲಿಯಲು ಒಂದು ಸುಲಭವಾದ ದಾರಿಯಿದೆ. ಮೂರಕ್ಕೆ ತಕಿಟ, ನಾಲ್ಕಕ್ಕೆ ತಕಧಿಮಿ, ಎರಡಕ್ಕೆ ತಕ ಎಂಬ ಸೊಲ್ಲುಗಳನ್ನು ನಮ್ಮ ಮೃದಂಗದ ಪಾಠದಲ್ಲಿ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಅದೇ ಸೊಲ್ಲುಗಳಿಂದ ಸೋನ್ ಕ್ಲಾವೆಯನ್ನು ಹೀಗೆ ಹೇಳಬಹುದು:

ತಕಿಟ – ತಕಿಟ – ತಕಧಿಮಿ – ತಕ – ತಕಧಿಮಿ

ಪ್ರತಿಯೊಂದು ಸೊಲ್ಲುಕಟ್ಟಿನ ಮೊದಲನೆಯ “ತ”ಕಾರದಲ್ಲಿ ಕೈ ತಟ್ಟಿದರೆ ಕ್ಲಾವೆಯು ತಾನಾಗಿಯೇ ಹೊರಡುವುದು. ರುಂಬಾ ಕ್ಲಾವೆಯಲ್ಲಿ ಮೂರನೆಯ ಪೆಟ್ಟು ಒಂದು ಮಾತ್ರೆ ತಡವಾಗಿ, ಎಂಟನೆಯ ಮಾತ್ರೆಯಲ್ಲಿ ಬೀಳುತ್ತದೆ:

ತಕಿಟ – ತಕಧಿಮಿ – ತಕಿಟ – ತಕ – ತಕಧಿಮಿ

ಒಂದೇ ಒಂದು ಪೆಟ್ಟು ಒಂದೇ ಒಂದು ಮಾತ್ರೆ ಸರಿದರೂ ನಡೆಯೆಲ್ಲ ಬೇರೆಯಾಗುವುದನ್ನು ಕಿವಿಯೇ ತಿಳಿಸುವುದು.

ಈ ಕಟ್ಟನ್ನು ಎಂಟೆಂಟು ಮಾತ್ರೆಗಳ ಎರಡು ಪಾಲು ಮಾಡಿದರೆ, ಮೊದಲ ಪಾಲಿನಲ್ಲಿ ಮೂರು ಪೆಟ್ಟು, ಎರಡನೆಯದರಲ್ಲಿ ಎರಡು. ಮೂರರ ಪಾಲು ನೆಲದಿಂದ ಎತ್ತಿದಂತೆಯೂ ಎರಡರ ಪಾಲು ಮರಳಿ ನೆಲಕ್ಕಿಳಿಸಿದಂತೆಯೂ ತೋರುವುದು. ಹಾಡಿನ ಗತಿಯನ್ನು ಅನುಸರಿಸಿ ಎರಡರ ಪಾಲಿನಿಂದಲೂ ಆರಂಭಿಸಬಹುದು. ಆದರೆ ಹಾಡು ಒಮ್ಮೆ ಮೊದಲಾದ ಮೇಲೆ ಕ್ಲಾವೆಯ ಸರದಿಯನ್ನು ಕೆಡಿಸಬಾರದು. ಹಾಡುವವರು, ತಂತಿ ಮೀಟುವವರು, ಕುಣಿಯುವವರು ಎಲ್ಲರೂ ಈ ಸರದಿಗೆ ಒಳಪಟ್ಟವರೇ. ಅದರ ವಿರುದ್ಧ ನಡೆದವರನ್ನು ಅಲ್ಲಿಯ ವಾದ್ಯಗಾರರು “ಅಡ್ಡಬಿದ್ದವರು” ಎಂಬರ್ಥದ ಮಾತಿನಿಂದ ಕರೆಯುತ್ತಾರೆ.

ಇಲ್ಲೊಂದು ಸ್ವಾರಸ್ಯವುಂಟು. ಹಲವು ಮೇಳಗಳಲ್ಲಿ ಕ್ಲಾವೆಯ ಕೋಲುಗಳನ್ನು ಯಾರೂ ನುಡಿಸುವುದೇ ಇಲ್ಲ. ಆದರೂ ಎಲ್ಲರೂ ಅದನ್ನು ಒಳಗೊಳಗೆ ಕೇಳುತ್ತಾ ಅದಕ್ಕೆ ವಿಧೇಯರಾಗಿ ನುಡಿಸುತ್ತಾರೆ. ಹೊರಗೆ ಕೇಳಿಸದ ನಿಯಮವನ್ನು ಒಳಗಿನಿಂದ ಪಾಲಿಸುವುದೇ ನಿಜವಾದ ಶಿಕ್ಷಣವೆಂದು ಬೇರೆ ಹೇಳಬೇಕೆ?

೪. ಮೇಳದಲ್ಲಿ ಒಬ್ಬೊಬ್ಬರ ಪಾಲು

ಈಗ ಉಳಿದ ವಾದ್ಯಗಳು ಕ್ಲಾವೆಯೊಡನೆ ಹೇಗೆ ಹೆಣೆದುಕೊಳ್ಳುವುವೆಂಬುದನ್ನು ನೋಡುವ.

ಕೊಂಗಾದ ಸಾಮಾನ್ಯ ನಡೆಗೆ ತುಂಬಾವೊ ಎಂದು ಹೆಸರು. ಇದು ಎಂಟು ಮಾತ್ರೆಗಳದ್ದು. ಕ್ಲಾವೆಯ ಒಂದು ಸುತ್ತಿಗೆ ಎರಡು ಸಲ ಬರುವುದು. ಇದರಲ್ಲಿ ನಾಲ್ಕು ಬಗೆಯ ಪೆಟ್ಟುಗಳಿವೆ. ಅಂಗೈಯ ಬುಡವನ್ನು ಚರ್ಮದ ಮೇಲೆ ಒರಗಿಸುವುದು ಬುಡಪೆಟ್ಟು. ಅದೇ ಕೈಯನ್ನು ತೂಗಿ ಬೆರಳ ತುದಿಗಳನ್ನು ಮೆಲ್ಲನೆ ಇಳಿಸುವುದು ತುದಿಪೆಟ್ಟು. ಬೆರಳುಗಳನ್ನು ಸಡಿಲವಾಗಿ ಬೀಸಿ ಚಟ್ಟನೆ ದನಿ ತೆಗೆಯುವುದು ಬಿರುಪೆಟ್ಟು. ಬೆರಳುಗಳು ಅಂಚಿನ ಬಳಿ ತಾಗಿ ಕೂಡಲೆ ಮೇಲಕ್ಕೇಳುವುದರಿಂದ ದುಂಡನೆಯ ನಾದ ಹೊರಡುವುದು ತೆರೆಪೆಟ್ಟು. ಇವುಗಳ ಕ್ರಮ ಹೀಗೆ:

೧ ಬುಡ, ೨ ತುದಿ, ೩ ಬಿರು, ೪ ತುದಿ, ೫ ಬುಡ, ೬ ತುದಿ, ೭ ತೆರೆ, ೮ ತೆರೆ.

ಮೂರು, ಏಳು, ಎಂಟನೆಯವು ಬಲಗೈಯವು, ಉಳಿದವೆಲ್ಲ ಎಡಗೈಯವು. ಎಂಟು ಪೆಟ್ಟುಗಳಲ್ಲಿ ಕೇಳುವವರ ಕಿವಿಗೆ ಚೆನ್ನಾಗಿ ಮುಟ್ಟುವುವು ಬಲಗೈಯ ಮೂರೇ. ಎಡಗೈಯದು ಕಾಲವನ್ನು ಕಾಯುವ ಮೌನಸೇವೆ. ಈ ಮೌನಸೇವೆ ತಪ್ಪಿದರೆ ಬಲಗೈಯ ನಾದವು ಎಲ್ಲಿಯೋ ಹೋಗಿ ಬೀಳುವುದು.

ಬೊಂಗೊದ ನಡೆಯನ್ನು ಮಾರ್ತೀಯೊ, ಅಂದರೆ ಸುತ್ತಿಗೆ, ಎನ್ನುವರು. ಎಂಟು ಮಾತ್ರೆಗಳಲ್ಲಿಯೂ ಬೆರಳುಗಳು ಬಿಡದೆ ಆಡುವುವು. ಏಳನೆಯದರಲ್ಲಿ ಮಾತ್ರ ಹೆಣ್ಣುವಾದ್ಯದ ತಗ್ಗುದನಿಯು ಹೊರಡುವುದು.

ಇನ್ನು ಮಂದ್ರದ ತಂತಿವಾದ್ಯ. ಇದು ಎಂಟು ಮಾತ್ರೆಗಳಲ್ಲಿ ನಾಲ್ಕನೆಯದರಲ್ಲಿಯೂ ಏಳನೆಯದರಲ್ಲಿಯೂ ಮಾತ್ರ ನುಡಿಯುವುದು. ಒಂದನೆಯದು, ಎಂದರೆ ನಾವು ಸಮವೆಂದು ಗೌರವಿಸುವ ಸ್ಥಾನವು, ಬರಿದಾಗಿಯೇ ಉಳಿಯುವುದು. ತಾಳ ಮೊದಲಾದ ಮೇಲೆ ಹಾಡನ್ನೆತ್ತುವ ಅನಾಗತವೆಂಬ ಕ್ರಮವನ್ನು ಬಲ್ಲ ನಮ್ಮವರಿಗೆ, ಸಮದಲ್ಲಿ ಸುಮ್ಮನಿರುವುದು ತೀರ ಅಪರಿಚಿತವಲ್ಲ. ಆದರೆ ಮೇಳದ ತಳಪಾಯವೆನಿಸಿದ ಮಂದ್ರವೇ ಸುತ್ತುಸುತ್ತಿಗೂ ಸಮವನ್ನು ಬಿಟ್ಟುಕೊಡುವುದು ಮೊದಲ ಸಲ ಕೇಳಿದವರನ್ನು ತಬ್ಬಿಬ್ಬುಗೊಳಿಸುವುದು ದಿಟ. ಕುಣಿಯುವವರ ಕಾಲು ಆ ಬರಿದಾದ ಸ್ಥಾನವನ್ನು ತುಂಬುವುದು.

ಇವೆಲ್ಲವನ್ನೂ ಒಂದರ ಮೇಲೊಂದು ಇಟ್ಟು ನೋಡಿರಿ. ಮೂರರ ಪಾಲಿನ ನಾಲ್ಕನೆಯ ಮಾತ್ರೆಯಲ್ಲಿ ಕ್ಲಾವೆಯೂ ಮಂದ್ರವೂ ಸೇರುವುವು. ಏಳನೆಯದರಲ್ಲಿ ಕ್ಲಾವೆ, ಮಂದ್ರ, ಕೊಂಗಾದ ತೆರೆಪೆಟ್ಟು, ಬೊಂಗೊದ ಹೆಣ್ಣುದನಿ, ಈ ನಾಲ್ಕೂ ಒಟ್ಟಾಗಿ ಕೂಡುವುವು. ಎರಡರ ಪಾಲಿನಲ್ಲಿಯಾದರೋ ಹನ್ನೊಂದರಲ್ಲಿ ಕ್ಲಾವೆ, ಹನ್ನೆರಡರಲ್ಲಿ ಮಂದ್ರ, ಹದಿಮೂರರಲ್ಲಿ ಮತ್ತೆ ಕ್ಲಾವೆ, ಹದಿನೈದರಲ್ಲಿ ಮತ್ತೆ ಮಂದ್ರ. ಒಬ್ಬರು ಬಿಟ್ಟ ತೆರವಿನಲ್ಲಿ ಇನ್ನೊಬ್ಬರು ನುಡಿಯುತ್ತಾರೆ. ಒಂದು ಪಾಲಿನಲ್ಲಿ ಕೂಟ, ಇನ್ನೊಂದರಲ್ಲಿ ಸಂಭಾಷಣೆ. ಕೇಳುವವರ ಕಾಲನ್ನು ತಾನಾಗಿ ಕುಣಿಸುವ ಗುಟ್ಟು ಇಲ್ಲಿದೆ. ಯಾವೊಬ್ಬರ ತೋಳ್ಬಲದಲ್ಲಿಯೂ ಅಲ್ಲ.

ಈ ಹೆಣಿಗೆಯನ್ನು ಒಂದು ಪೀಳಿಗೆಯೇ ಬೆಳೆಸಿತು. ಬಾಲ್ಯದಲ್ಲಿಯೇ ಕಣ್ಣು ಕಳೆದುಕೊಂಡ ಅರ್ಸೇನಿಯೊ ರೋದ್ರೀಗೆಸ್ ೧೯೪೦ರ ಸುಮಾರಿಗೆ ಸೋನ್ ಮೇಳಕ್ಕೆ ಕೊಂಗಾವನ್ನೂ ಪಿಯಾನೊವನ್ನೂ ಹೆಚ್ಚಿನ ತುತ್ತೂರಿಗಳನ್ನೂ ಸೇರಿಸಿ ಅದರ ರೂಪವನ್ನೇ ಬದಲಿಸಿದರು. ಹವಾನಾದ ಬಡಕೇರಿಯಲ್ಲಿ ಬೆಳೆದ ಚಾನೊ ಪೋಸೊ ಎಂಬವರು ೧೯೪೭ರಲ್ಲಿ ನ್ಯೂಯಾರ್ಕಿನಲ್ಲಿ ಡಿಝಿ ಗಿಲೆಸ್ಪಿಯವರ ಜಾಝ್ ಮೇಳದೊಡನೆ ಕೊಂಗಾ ನುಡಿಸಿ ಅಮೆರಿಕದ ಸಂಗೀತಕ್ಕೆ ಹೊಸ ಬಾಗಿಲನ್ನು ತೆರೆದರು.

೫. ಅಭ್ಯಾಸಕ್ರಮ

ಮನೆಯಲ್ಲಿ ಅಭ್ಯಾಸ ಮಾಡಬಯಸುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಅವರ ಮಕ್ಕಳಿಗೂ ಈ ಕ್ರಮವನ್ನು ಸೂಚಿಸುವೆವು.

ಮೊದಲನೆಯದಾಗಿ, ಕಾಲು. ೧, ೫, ೯, ೧೩ನೆಯ ಮಾತ್ರೆಗಳಲ್ಲಿ ಹೆಜ್ಜೆಯಿಡುತ್ತಾ ನಿಂತಲ್ಲಿಯೇ ನಡೆಯಿರಿ. ಹೆಜ್ಜೆ ಗಡಿಯಾರದಂತೆ ಸಮನಾಗುವವರೆಗೂ ಕೈಗೆ ಕೆಲಸ ಕೊಡಬೇಡಿರಿ.

ಎರಡನೆಯದಾಗಿ, ಬಾಯಿ. ಹೆಜ್ಜೆ ನಡೆಯುತ್ತಿರಲು ಮೇಲೆ ಕೊಟ್ಟ ಸೊಲ್ಲುಗಳನ್ನು ಗಟ್ಟಿಯಾಗಿ ಹೇಳಿರಿ. ಮೊದಲನೆಯ ಮತ್ತು ಕಡೆಯ ಪೆಟ್ಟು ಮಾತ್ರ ಹೆಜ್ಜೆಯೊಡನೆ ಕೂಡುವುವು. ನಡುವಿನ ಮೂರು ಹೆಜ್ಜೆಗಳ ಎಡೆಯಲ್ಲಿ ಬೀಳುವುವು. ಹೊಸಬರು ತೊಡರುವುದು ಇಲ್ಲಿಯೇ. ತೊಡರಿದಾಗ ವೇಗವನ್ನು ತಗ್ಗಿಸತಕ್ಕದ್ದೇ ಹೊರತು ಪೆಟ್ಟನ್ನು ಹೆಜ್ಜೆಯ ಕಡೆಗೆ ಎಳೆಯತಕ್ಕದ್ದಲ್ಲ.

ಮೂರನೆಯದಾಗಿ, ಕೈ. ಬಾಯಿ ಹೇಳಿದುದನ್ನು ಕೈ ತಟ್ಟಲಿ. ಆಮೇಲೆ ಬಾಯಿ ಸುಮ್ಮನಾಗಲಿ. ಕ್ಲಾವೆಯ ಕೋಲು ದೊರೆತರೆ, ಒಂದನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿಯದೆ, ಬೊಗಸೆಯಂತೆ ಬಾಗಿಸಿದ ಅಂಗೈಯ ಮೇಲೆ ಬೆರಳ ತುದಿಗಳಿಂದ ಆನಿಸಿರಿ. ಅಂಗೈಯ ಟೊಳ್ಳೇ ನಾದದ ಮನೆ. ಬಿಗಿಹಿಡಿದ ಕೋಲಿನಿಂದ ಕಟಕಟ ಸದ್ದು ಬಂದೀತೇ ಹೊರತು ನಾದ ಬಾರದು.

ನಾಲ್ಕನೆಯದಾಗಿ, ಪೆಟ್ಟಿಗೆ. ಕೊಂಗಾ ಇಲ್ಲದಿದ್ದರೆ ಗಟ್ಟಿಯಾದ ಮರದ ಪೆಟ್ಟಿಗೆಯ ಮೇಲೆ ತುಂಬಾವೊದ ಎಂಟು ಪೆಟ್ಟುಗಳನ್ನು ಕಲಿಯಬಹುದು. ಮೊದಲು ಎಡಗೈಯ ಬುಡ–ತುದಿಗಳ ತೂಗನ್ನು ಮಾತ್ರ ಕೆಲವು ದಿನ ಮಾಡಿರಿ. ಉಂಗುರ ಬಳೆಗಳನ್ನು ತೆಗೆದಿಡಿರಿ. ಕೈ ನೊಂದರೆ ನಿಲ್ಲಿಸಿರಿ. ದನಿಯು ಕೈಯ ಸಡಿಲಿನಿಂದ ಬರತಕ್ಕದ್ದು, ಬಲಾತ್ಕಾರದಿಂದಲ್ಲ.

ಐದನೆಯದಾಗಿ, ಕೂಟ. ಮೂವರು ಸೇರಿರಿ. ಒಬ್ಬಳು ಕ್ಲಾವೆ, ಒಬ್ಬಳು ತುಂಬಾವೊ, ಒಬ್ಬಳು ಬಾಯಿಯಲ್ಲಿ ಮಂದ್ರದ ಎರಡು ಸ್ವರಗಳನ್ನು ಹಿಡಿಯಲಿ. ಕೆಲವು ಸುತ್ತುಗಳಾದ ಮೇಲೆ ಪಾಲುಗಳನ್ನು ಅದಲುಬದಲು ಮಾಡಿಕೊಳ್ಳಿರಿ. ಮೂರನ್ನೂ ನುಡಿಸಬಲ್ಲವಳಿಗೆ ಮಾತ್ರ ತನ್ನದೊಂದನ್ನು ಸರಿಯಾಗಿ ನುಡಿಸುವುದು ಸಾಧ್ಯ. ಕಡೆಗೆ ಕ್ಲಾವೆಯವಳು ಕೋಲನ್ನು ಕೆಳಗಿಡಲಿ. ಉಳಿದವರು ಅದು ಕೇಳುತ್ತಲೇ ಇದೆಯೆಂಬಂತೆ ನುಡಿಸುತ್ತಾ ಹೋಗಲಿ. ಎಂಟು ಸುತ್ತುಗಳ ತರುವಾಯ ಆಕೆ ಕೋಲನ್ನೆತ್ತಿ ಮತ್ತೆ ನುಡಿಸಿದಾಗ ಎಲ್ಲವೂ ಕೂಡಿಕೊಂಡರೆ ಪಾಠವು ಮುಗಿದಂತೆ.

ಇಂದು ಗಣಕಯಂತ್ರದಲ್ಲಿಯೇ ಸಂಗೀತವನ್ನು ಕಟ್ಟುವ ತರುಣಿಯರು ಬಹುಮಂದಿ ಇದ್ದಾರೆ. ಅವರಿಗೂ ಇದೇ ಕ್ರಮವು ಉಪಯುಕ್ತವೇ. ಮೊದಲು ಕ್ಲಾವೆಯನ್ನು ಇಡಿರಿ. ಆಮೇಲೆ ಮಂದ್ರ, ಕೊಂಗಾ, ಬೊಂಗೊ. ಹೊಸ ವಾದ್ಯವೊಂದನ್ನು ಸೇರಿಸುವ ಮುನ್ನ ಅದಕ್ಕೆ ತೆರವಿದೆಯೋ ಎಂದು ಕೇಳಿಕೊಳ್ಳಿರಿ. ಯಂತ್ರದಲ್ಲಿ ಎಲ್ಲ ಪೆಟ್ಟುಗಳೂ ಒಂದೇ ಬಲದಿಂದ ಬೀಳುವುದುಂಟು. ಬುಡಪೆಟ್ಟು ತುದಿಪೆಟ್ಟುಗಳನ್ನು ತಗ್ಗಿಸಿ ತೆರೆಪೆಟ್ಟನ್ನು ಎತ್ತದಿದ್ದರೆ ಕೊಂಗಾವು ಕಾರ್ಖಾನೆಯ ಸದ್ದಾಗುವುದು. ಯಂತ್ರವನ್ನು ಮುಟ್ಟುವ ಮೊದಲು ಕೈಯಿಂದ ತಟ್ಟಿ ಕಲಿತವರೇ ಯಂತ್ರದಿಂದಲೂ ಒಳ್ಳೆಯ ಕೆಲಸ ತೆಗೆಯಬಲ್ಲರು.

೬. ಹೆಣ್ಣುಮಕ್ಕಳೂ ಚರ್ಮವಾದ್ಯವೂ

“ಇದು ನಿನಗೇಕೆ?” ಎಂಬ ಮಾತನ್ನು ಕ್ಯೂಬಾದ ಹೆಣ್ಣುಮಕ್ಕಳೂ ಕೇಳಿದವರೇ. ಯೊರುಬಾ ಪರಂಪರೆಯ ಬಾತಾ ಎಂಬ ಮೂರು ಪವಿತ್ರ ವಾದ್ಯಗಳಲ್ಲಿ ಎಲ್ಲಕ್ಕೂ ದೊಡ್ಡದಾಗಿ ಉಳಿದೆರಡನ್ನೂ ನಡೆಸುವುದಕ್ಕೆ ಈಯಾ, ಅಂದರೆ ತಾಯಿ, ಎಂದು ಹೆಸರು. ವಿಧಿಪೂರ್ವಕವಾಗಿ ಪ್ರತಿಷ್ಠಿಸಿದ ಆ ತಾಯಿವಾದ್ಯವನ್ನು ಸ್ತ್ರೀಯರು ಮುಟ್ಟಬಾರದೆಂಬುದು ಅಲ್ಲಿಯ ಸಂಪ್ರದಾಯ. ಪೂಜೆಗೆ ಸೇರದ ಬೊಂಗೊ ಕೊಂಗಾಗಳೂ ಗಂಡಸರ ಸೊತ್ತೆಂದೇ ಜನರು ಬಹುಕಾಲ ಭಾವಿಸಿದ್ದರು.

೧೯೩೨ರಲ್ಲಿ ಹವಾನಾದ ಕೊನ್ಸೆಪ್ಸಿಯೋನ್ ಕಾಸ್ತ್ರೊ ಎಂಬ ತರುಣಿಯು, ಸರಕಾರವು ವಿಶ್ವವಿದ್ಯಾನಿಲಯವನ್ನು ಮುಚ್ಚಿದ್ದರಿಂದ ಓದು ನಿಂತಿರಲಾಗಿ, ತನ್ನ ತಂಗಿಯರನ್ನು ಕೂಡಿಸಿ ಸ್ತ್ರೀಯರದೇ ಆದ ಸೋನ್ ಮೇಳವೊಂದನ್ನು ಕಟ್ಟಿದಳು. ಸ್ಪೇನಿನವರ ಕೈಯಲ್ಲಿ ಸಾವಿಗೀಡಾದ ತಾಯಿನೊ ಜನರ ರಾಣಿಯ ನೆನಪಿಗಾಗಿ ಅದಕ್ಕೆ ಆನಾಕಾಓನಾ ಎಂದು ಹೆಸರಿಟ್ಟರು. ಕಾಲಕ್ರಮದಲ್ಲಿ ಹನ್ನೊಂದು ಮಂದಿ ಅಕ್ಕತಂಗಿಯರೂ ಆ ಮೇಳದಲ್ಲಿ ನುಡಿಸಿದರು. ಅವರಲ್ಲಿ ಮೀಯೊ ಎಂಬ ಹುಡುಗಿಯು ಇನ್ನೂ ಚಿಕ್ಕವಳಿರುವಾಗಲೇ ಬೊಂಗೊ ಹಿಡಿದಳು. ಹೆಣ್ಣು ಚರ್ಮವಾದ್ಯ ನುಡಿಸಬಾರದೆಂಬ ಕಟ್ಟನ್ನು ಮುರಿದ ಆಕೆಯ ಬಾಳಿನಿಂದ ಪ್ರೇರಿತವಾದ “ಡ್ರಮ್ ಡ್ರೀಮ್ ಗರ್ಲ್” ಎಂಬ ಮಕ್ಕಳ ಚಿತ್ರಪುಸ್ತಕವನ್ನು ಮಾರ್ಗರಿಟಾ ಎಂಗಲ್ ಎಂಬ ಲೇಖಕಿಯು ೨೦೧೫ರಲ್ಲಿ ಪ್ರಕಟಿಸಿದ್ದಾರೆ. ಬಾತಾದ ವಿಷಯದಲ್ಲಿಯೂ, ಪ್ರತಿಷ್ಠಿಸದ ವಾದ್ಯಗಳನ್ನು ಹಿಡಿದು ರಂಗದ ಮೇಲೆ ನುಡಿಸುವ ಓಬಿನಿ ಬಾತಾ ಎಂಬ ಸ್ತ್ರೀಮೇಳವು ೧೯೯೩ರಲ್ಲಿ ಹವಾನಾದಲ್ಲಿ ಹುಟ್ಟಿತು. ಪರರ ಪೂಜಾವಿಧಿಯನ್ನು ಹೀಯಾಳಿಸದೆ, ತಮ್ಮ ಕೈಗಳಿಗೂ ಕೆಲಸವನ್ನು ಗಳಿಸಿಕೊಂಡ ಅವರ ನಡೆಯು ವಿವೇಕದ್ದೆಂದು ನಮಗೆ ತೋರುತ್ತದೆ.

ನಮ್ಮಲ್ಲಿಯೂ ಇಂಥ ನಿದರ್ಶನವಿಲ್ಲದಿಲ್ಲ. ಬೆಂಗಳೂರಿನಲ್ಲಿ ನೆಲೆಸಿರುವ ಘಟವಾದನ ವಿದುಷಿ ಶ್ರೀಮತಿ ಸುಕನ್ಯಾ ರಾಮಗೋಪಾಲರು ಗಂಡಸರದೆಂದೇ ಎಣಿಸಲಾಗಿದ್ದ ವಾದ್ಯವನ್ನು ಸಾಧಿಸಿ, ೧೯೯೫ರಲ್ಲಿ ಸ್ತ್ರೀಯರದೇ ಆದ “ಸ್ತ್ರೀ ತಾಳ ತರಂಗ”ವನ್ನು ಸ್ಥಾಪಿಸಿದರು. ಕೈಯ ಮೃದುತ್ವವು ವಾದ್ಯಕ್ಕೆ ಅಡ್ಡಿಯಲ್ಲ, ಅಭ್ಯಾಸದ ಕೊರತೆಯೇ ಅಡ್ಡಿ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

೭. ಉಪಸಂಹಾರ

ಇಷ್ಟನ್ನು ಓದಿದವರು, ದೂರದ್ವೀಪದ ಈ ತಾಳಗಳಿಂದ ನಮ್ಮ ಮಕ್ಕಳಿಗೆ ಆಗಬೇಕಾದುದೇನು ಎಂದು ಕೇಳಬಹುದು. ಮೂರು ಲಾಭಗಳನ್ನು ಹೇಳುವೆವು. ಒಂದು, ಕಿವಿಯ ಶಿಕ್ಷಣ: ಹದಿನಾರು ಮಾತ್ರೆಗಳಲ್ಲಿ ಐದನ್ನು ಹಿಡಿದು ಹನ್ನೊಂದನ್ನು ಬಿಡಲು ಕಲಿತವಳು ತನ್ನ ನಾಡಿನ ಚಾಪುತಾಳಗಳನ್ನೂ ಯಕ್ಷಗಾನದ ಚೆಂಡೆಮದ್ದಳೆಗಳ ಸಂವಾದವನ್ನೂ ಹೆಚ್ಚು ಚೆನ್ನಾಗಿ ಕೇಳಬಲ್ಲಳು. ಎರಡು, ಸಹಬಾಳ್ವೆಯ ಶಿಕ್ಷಣ: ತನ್ನ ಪೆಟ್ಟನ್ನು ತಪ್ಪಿಸುವುದು ಎಷ್ಟು ದೋಷವೋ ಇತರರ ತೆರವಿನಲ್ಲಿ ತಾನು ಹೊಡೆಯುವುದೂ ಅಷ್ಟೇ ದೋಷವೆಂದು ಆಕೆಯ ಕೈಯೇ ಆಕೆಗೆ ತಿಳಿಸುವುದು. ಮೂರು, ಚರಿತ್ರೆಯ ಶಿಕ್ಷಣ: ಎಲ್ಲವನ್ನೂ ಕಳೆದುಕೊಂಡ ಜನರು ಮೀನಿನ ಪೆಟ್ಟಿಗೆಯ ಮೇಲೆ ಕೈಯೂರಿ ತಮ್ಮ ಮಾನವನ್ನು ಉಳಿಸಿಕೊಂಡರೆಂಬುದನ್ನು ಆಕೆ ಬರಿಯ ಪುಸ್ತಕದಿಂದಲ್ಲ, ತನ್ನ ಬೆರಳುಗಳಿಂದಲೇ ಅರಿಯುವಳು.

ಮನೆಯ ಕೆಲಸದಲ್ಲಿಯೂ ಸಂಘದ ಕೆಲಸದಲ್ಲಿಯೂ ಎಲ್ಲರೂ ಒಂದೇ ಸಲ ಗಟ್ಟಿಯಾಗಿ ಹೊಡೆದರೆ ಗದ್ದಲವಾಗುವುದು. ಎಲ್ಲರೂ ಸುಮ್ಮನಾದರೆ ಕೆಲಸ ನಿಲ್ಲುವುದು. ಎಲ್ಲಿ ನುಡಿಯಬೇಕು, ಎಲ್ಲಿ ಬಿಡಬೇಕೆಂಬುದನ್ನು ಬಲ್ಲವರಿಂದ ಮಾತ್ರ ಮೇಳ ನಡೆಯುವುದು. ಆದುದರಿಂದ ಪೋಷಕರಲ್ಲಿ ನಮ್ಮ ವಿಜ್ಞಾಪನೆಯಿಷ್ಟೇ: ನಿಮ್ಮ ಮಗಳು ಮೇಜಿನ ಮೇಲೆ ಬೆರಳಿಂದ ತಾಳ ಹಾಕುತ್ತಿದ್ದರೆ ಗದರಿಸಬೇಡಿರಿ. ಅವಳೆದುರಿಗೆ ಕುಳಿತು ತಕಿಟ ತಕಿಟ ತಕಧಿಮಿ ತಕ ತಕಧಿಮಿ ಎಂದು ಎಣಿಸುತ್ತಾ ಐದು ಪೆಟ್ಟು ತಟ್ಟಿರಿ, ಉಳಿದುದನ್ನು ಅವಳಿಗೆ ಬಿಡಿರಿ.